ಎಟುಕದ ಮೆಮೊರಿ: ಒಂದು ಗಡಿರೇಖೆಯ ಚರಿತ್ರೆ

ನನ್ನ ಮಾರ್ಗದರ್ಶಕರು ಭೂದಾಖಲೆಗಳನ್ನು ಓದಿ ಓದಿ ಕನ್ನಡಕದ ನಂಬರು ಏರಿಸಿಕೊಂಡವರು. ಕಂಪ್ಯೂಟರುಗಳ ಹಳೆಯ ಕೈಪಿಡಿಗಳನ್ನು ಇಟ್ಟುಕೊಂಡು ಪಿಎಚ್‌ಡಿ ಮಾಡುತ್ತೇನೆ ಎಂದಾಗ ಅವರು ಬೇಡ ಅನ್ನಲಿಲ್ಲ, ಉತ್ಸಾಹವನ್ನೂ ತೋರಿಸಲಿಲ್ಲ. ಕಳೆದ ವರ್ಷ ಒಂದು ಅಧ್ಯಾಯದ ಕರಡು ಕೊಟ್ಟಿದ್ದೆ. ವಾರದ ನಂತರ ವಾಪಸು ಬಂದಾಗ ಹನ್ನೊಂದನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು: "ಏನಮ್ಮಾ, ಇದರಲ್ಲಿ ಇತಿಹಾಸ ಎಲ್ಲಿದೆ?"

ಆ ಪುಟದಲ್ಲಿದ್ದದ್ದು ಒಂದು ಸಣ್ಣ ಟಿಪ್ಪಣಿಯ ಮಾತು. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಏನೇನಿದೆ ಎಂದು ಲಿನಕ್ಸ್‌ಗೆ ವಿವರಿಸುವ ಕಡತವೊಂದಿದೆ. ಅದರ ನಡುವೆ ಯಾರೋ ಎರಡು ಸಾಲು ಬರೆದಿಟ್ಟಿದ್ದಾರೆ: ಪಿಸಿಐ ಎಕ್ಸ್‌ಪ್ರೆಸ್ ಭಾಗವನ್ನು ಸುತ್ತುವರಿದ ಸರ್ಕೀಟಿನಲ್ಲಿ ದೋಷವಿದೆ, ಮೊದಲ 3 ಜಿಬಿಯ ಆಚೆಗಿನ ಮೆಮೊರಿಯನ್ನು ಅದು ತಲುಪಲಾರದು ಎಂಬುದು ಅದರ ಸಾರ. ಕೆಳಗೆ ಒಂದು ಸಾಲು ಅಂಕಿಗಳು. ಅಷ್ಟೇ. ನನಗೆ ಅದನ್ನು ಓದಿದಾಗ ರೋಮಾಂಚನವಾಗಿತ್ತು. ಯಾಕೆ ಎಂದು ಕರಡಿನಲ್ಲಿ ಬರೆಯುವುದನ್ನೇ ಮರೆತಿದ್ದೆ. ಅಂದು ಕೊಡಬೇಕಿದ್ದ ಉತ್ತರ ಇದು.

ಮೊದಲು ವಿಷಯ ಏನು ಎಂಬುದನ್ನು ಹೇಳಬೇಕು. ಎಪಿಎಂಸಿ ಯಾರ್ಡಿನ ಒಂದು ಮಂಡಿಯನ್ನು ನೆನಪಿಸಿಕೊಳ್ಳಿ. ಲಾರಿಯಿಂದ ಮೂಟೆಗಳು ಬರುತ್ತವೆ. ಮಂಡಿಯ ಮಾಲೀಕರೇ ಪ್ರತಿ ಮೂಟೆಯನ್ನೂ ಹೊತ್ತು ಗೋದಾಮಿಗೆ ಹಾಕುತ್ತಾ ಕೂತರೆ ವ್ಯಾಪಾರ ನಡೆಯುವುದಿಲ್ಲ. ಆದ್ದರಿಂದ ಅವರು ಹಮಾಲಿಗೆ ಒಂದು ಚೀಟಿ ಕೊಡುತ್ತಾರೆ: ಇಂತಿಷ್ಟು ಮೂಟೆ, ಇಂಥ ಖಾನೆಯಿಂದ ಶುರುಮಾಡಿ ಇಳಿಸು. ಆತ ನೇರವಾಗಿ ಗೋದಾಮಿಗೆ ಹೋಗಿ ಇಳಿಸಿ, ಮುಗಿಯಿತು ಎಂದು ಬಂದು ಹೇಳುತ್ತಾನೆ. ಕಂಪ್ಯೂಟರಿನಲ್ಲಿ ಮಾಲೀಕರ ಸ್ಥಾನದಲ್ಲಿರುವುದು ಪ್ರೊಸೆಸರ್, ಗೋದಾಮಿನ ಸ್ಥಾನದಲ್ಲಿ ಮೆಮೊರಿ. ಹಮಾಲಿಗಳೆಂದರೆ ಡಿಸ್ಕು, ನೆಟ್‌ವರ್ಕ್ ಕಾರ್ಡು, ಯುಎಸ್‌ಬಿ ಇತ್ಯಾದಿ ಸಾಧನಗಳು. ಪ್ರೊಸೆಸರನ್ನು ಪ್ರತಿ ಬೈಟಿಗೂ ಕರೆಯದೆ ಸಾಧನವೇ ಮೆಮೊರಿಗೆ ಬರೆಯುವ ಈ ಏರ್ಪಾಡಿಗೆ ಡಿಎಂಎ ಎನ್ನುತ್ತಾರೆ. ಯೋಚನೆ ಹೊಸದಲ್ಲ. 1950ರ ದಶಕದ ಕೊನೆಗೆ ಬಂದ ಐಬಿಎಂ 709ರಲ್ಲೇ ಇಂಥ ಕೆಲಸಕ್ಕೆಂದು ಪ್ರತ್ಯೇಕ ಚಾನೆಲ್‌ಗಳಿದ್ದವು.

ತೊಡಕು ಚೀಟಿಯಲ್ಲಿದೆ. ನಮ್ಮ ಹಮಾಲಿಗೆ ಎರಡಂಕಿಯ ಸಂಖ್ಯೆಯನ್ನಷ್ಟೇ ಓದಲು ಬರುತ್ತದೆ ಎಂದಿಟ್ಟುಕೊಳ್ಳಿ. ಗೋದಾಮಿನಲ್ಲಿ ನೂರು ಖಾನೆ ಇರುವವರೆಗೆ ಯಾರಿಗೂ ಇದು ಗೊತ್ತಾಗುವುದಿಲ್ಲ. ಗೋದಾಮು ಬೆಳೆದು ಒಂದು ದಿನ ಚೀಟಿಯಲ್ಲಿ 137 ಎಂದು ಬರೆದಾಗ ಆತ 37 ಎಂದು ಓದಿಕೊಳ್ಳುತ್ತಾನೆ. ಅಲ್ಲಿ ಬೇರೆಯವರ ಸರಕಿದ್ದರೆ ಅದರ ಮೇಲೆಯೇ ಸುರಿದು, ಕೆಲಸ ಮುಗಿಯಿತು ಎಂದು ಪ್ರಾಮಾಣಿಕವಾಗಿ ಬಂದು ಹೇಳುತ್ತಾನೆ. ಯಾರೂ ಸುಳ್ಳು ಹೇಳಿಲ್ಲ, ಯಾವ ಗಂಟೆಯೂ ಬಾರಿಸಿಲ್ಲ. ಮೂರು ದಿನದ ನಂತರ ಯಾರದೋ ಅಕ್ಕಿಯಲ್ಲಿ ಯಾರದೋ ಮೆಣಸಿನಕಾಯಿ ಸಿಗುತ್ತದೆ. ಯಂತ್ರ ಕೆಟ್ಟು ನಿಂತರೆ ರಿಪೇರಿ ಮಾಡಬಹುದು. ನಿಲ್ಲದೆ, ಸದ್ದಿಲ್ಲದೆ ಒಬ್ಬರ ಬರಹದ ಮೇಲೆ ಇನ್ನೊಬ್ಬರದನ್ನು ಬರೆಯುವ ಯಂತ್ರವನ್ನು ಹಿಡಿಯುವುದು ಹೇಗೆ? ಈ ಹಮಾಲಿ ಎಲ್ಲಿಯವರೆಗೆ ಹೋಗಬಲ್ಲ ಎಂಬುದು ಮಾಲೀಕರಿಗೆ ಮೊದಲೇ ಗೊತ್ತಿರಬೇಕು. ಗೊತ್ತುಮಾಡಿಸುವವರು ಯಾರು ಎಂಬುದೇ ಇಲ್ಲಿನ ಚರಿತ್ರೆ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಿತು. ಅದರ ಪ್ರೊಸೆಸರಾದ ಇಂಟೆಲ್ 8088 ಇಪ್ಪತ್ತು ಬಿಟ್‌ಗಳ ವಿಳಾಸ ಹೇಳಬಲ್ಲದಾಗಿತ್ತು, ಅಂದರೆ 10,48,576 ಬೈಟು. ಡಿಎಂಎ ಕೆಲಸಕ್ಕೆ ಹಾಕಿದ್ದ ಇಂಟೆಲ್ 8237 ಚಿಪ್ಪಿಗೆ ಎಣಿಸಲು ಬರುತ್ತಿದ್ದದ್ದು ಹದಿನಾರೇ ಬಿಟ್, ಅಂದರೆ 65,536. ಉಳಿದ ನಾಲ್ಕು ಬಿಟ್‌ಗಳನ್ನು ಐಬಿಎಂ ಎಂಜಿನಿಯರುಗಳು ಪಕ್ಕದಲ್ಲಿ ಇನ್ನೊಂದು ಚಿಪ್ಪಿನಲ್ಲಿ ಬರೆದಿಟ್ಟರು. ಅದಕ್ಕೆ ಪೇಜ್ ರಿಜಿಸ್ಟರ್ ಎಂದು ಹೆಸರು. ಆದರೆ ಈ ಎರಡಕ್ಕೂ ಪರಸ್ಪರ ಮಾತುಕತೆ ಇಲ್ಲ. 8237 ಎಣಿಸುತ್ತಾ ಎಣಿಸುತ್ತಾ 65,535 ತಲುಪಿದರೆ ಮತ್ತೆ ಸೊನ್ನೆಗೆ ಬರುತ್ತದೆ, ಪೇಜ್ ರಿಜಿಸ್ಟರ್ ಮಾತ್ರ ಇದ್ದಲ್ಲೇ ಇರುತ್ತದೆ. ಮುಂದಿನ ಪುಟಕ್ಕೆ ಹೋಗಬೇಕಾದ ಮಾಹಿತಿ ಅದೇ ಪುಟದ ತಲೆಯ ಮೇಲೆ ಬೀಳುತ್ತದೆ. ಫ್ಲಾಪಿ ಓದುವ ಪ್ರೋಗ್ರಾಮು ಬರೆಯುವವರು ಈ 64 ಕೆಬಿ ಗೆರೆಯನ್ನು ದಾಟದಂತೆ ಜಾಗ ಹುಡುಕಿಕೊಳ್ಳಬೇಕಿತ್ತು. ದಾಟಿದರೆ ಬಯಾಸ್ 9ನೆಯ ನಂಬರಿನ ತಪ್ಪು ಎಂದು ಹೇಳುತ್ತಿತ್ತು. ಪಿಸಿಯ ಬಯಾಸ್‌ನ ತಪ್ಪುಗಳ ಪಟ್ಟಿಯಲ್ಲಿ ಈ ಗೆರೆಗೇ ಒಂದು ಸಂಖ್ಯೆ ಮೀಸಲು.

ಬಯಾಸ್ ಎಂದರೆ ಫರ್ಮ್‌ವೇರ್: ಯಂತ್ರದ ಗುಂಡಿ ಒತ್ತಿದ ಕೂಡಲೇ, ಆಪರೇಟಿಂಗ್ ಸಿಸ್ಟಮ್ ಎದ್ದು ಕೂರುವ ಮೊದಲು ಓಡುವ, ಬೋರ್ಡಿನ ಜೊತೆಗೇ ಬರುವ ತಂತ್ರಾಂಶ. 1981ರ ಬಯಾಸ್‌ಗೆ ಗೆರೆಯ ವಿಷಯ ಗೊತ್ತಿತ್ತು. ದಾಟಲು ಹೋದವರಿಗೆ ಗದರಿಸುತ್ತಿತ್ತು. ಗೆರೆ ಎಲ್ಲಿದೆ ಎಂದು ಮೊದಲೇ ಹೇಳುವ ಏರ್ಪಾಡು ಇರಲಿಲ್ಲ. ಅದನ್ನು ತಿಳಿಯಲು ಐಬಿಎಂನ ತಾಂತ್ರಿಕ ಕೈಪಿಡಿ ಓದಬೇಕಿತ್ತು. ಬಯಾಸ್‌ನ ಇಡೀ ಮೂಲಪಠ್ಯವನ್ನೇ ಅದರಲ್ಲಿ ಮುದ್ರಿಸಿದ್ದರು. ಈಗ ನೆನೆದರೆ ಆಶ್ಚರ್ಯವಾಗುತ್ತದೆ. ಮಿತಿಯ ಜ್ಞಾನ ಇದ್ದದ್ದು ಕಾಗದದ ಮೇಲೆ, ಮತ್ತು ಅದನ್ನು ಓದಿದವರ ತಲೆಯಲ್ಲಿ.

1984ರಲ್ಲಿ ಐಬಿಎಂ ಪಿಸಿ ಎಟಿ ಬಂದಾಗ ವಿಳಾಸಕ್ಕೆ 24 ಬಿಟ್‌ಗಳಾದವು. 16 ಎಂಬಿ. ಆ ಯಂತ್ರಗಳು 256 ಅಥವಾ 512 ಕೆಬಿ ಮೆಮೊರಿಯೊಂದಿಗೆ ಮಾರಾಟವಾಗುತ್ತಿದ್ದಾಗ 16 ಎಂಬಿ ಎಂದರೆ ತುಂಬಲಾಗದ ಗೋದಾಮು. ಡಿಎಂಎ ಚಿಪ್ಪುಗಳನ್ನೂ ವಿಸ್ತರಣಾ ಕಾರ್ಡುಗಳ ಸ್ಲಾಟನ್ನೂ ಆ ಅಳತೆಗೇ ಹೊಲಿದರು. ಹತ್ತು ವರ್ಷ ಕಳೆಯುವುದರೊಳಗೆ ಪ್ರೊಸೆಸರುಗಳು 4 ಜಿಬಿವರೆಗೆ ಕೈಚಾಚುತ್ತಿದ್ದವು, ಜನ 32 ಎಂಬಿ ಮೆಮೊರಿ ಹಾಕಿಸುತ್ತಿದ್ದರು. ಸ್ಲಾಟಿನಲ್ಲಿದ್ದ ಹಳೆಯ ಕಾರ್ಡು ಮಾತ್ರ 16 ಎಂಬಿಯಲ್ಲೇ ನಿಂತಿತ್ತು. ಅಡಾಪ್ಟೆಕ್ 1542 ಎಂಬ ಡಿಸ್ಕ್ ಕಾರ್ಡು ಇದಕ್ಕೆ ಹೆಸರುವಾಸಿ ಉದಾಹರಣೆ.

ಆ ಕಾಲದ ಇನ್ನೊಂದು ತಮಾಷೆ ಹೇಳಬೇಕು. ಡಾಸ್ ಕಾಲದಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡು ಹಾಕಿಸಿದವರು ಒಂದು ಕಡತದಲ್ಲಿ ಎ220, ಐ5, ಡಿ1 ಎಂಬ ಮಂತ್ರವನ್ನು ಬರೆಯುತ್ತಿದ್ದರು. ಕೊನೆಯ ಡಿ1 ಎಂದರೆ ಡಿಎಂಎ ಚಾನೆಲ್ ಒಂದು. ಯಂತ್ರದ ಒಳಗಿನ ಒಂದು ಭಾಗ ಇನ್ನೊಂದು ಭಾಗಕ್ಕೆ ಹೇಳಬೇಕಾದ ಮಾತನ್ನು, ಆಟ ಆಡಲು ಕೂತ ಹುಡುಗ ಟೈಪ್ ಮಾಡಿ ಹೇಳುತ್ತಿದ್ದ.

ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಇಂಥ ಯಂತ್ರಗಳ ಮೇಲೆಯೇ. ಅದು 16 ಎಂಬಿ ಸಮಸ್ಯೆಯನ್ನು ಮನೆಯ ಹಿರಿಯರಂತೆ ಪರಿಹರಿಸಿತು: ಯಾರನ್ನೂ ಕೇಳದೆ, ಮೊದಲ 16 ಎಂಬಿಯನ್ನು ಡಿಎಂಎ ವಲಯ ಎಂದು ಬೇರೆ ತೆಗೆದಿಟ್ಟಿತು. ಕೈ ಎಟುಕದ ಸಾಧನಗಳಿಗೆ ಅಲ್ಲಿಂದ ಜಾಗ. ಬೇಕಾದದ್ದು ಅಲ್ಲಿಲ್ಲದಿದ್ದರೆ ಸಾಧನ ಅಲ್ಲಿಗೆ ತಂದಿಳಿಸುತ್ತದೆ, ಆಮೇಲೆ ಪ್ರೊಸೆಸರು ನಿಜವಾದ ಜಾಗಕ್ಕೆ ನಕಲು ಮಾಡುತ್ತದೆ. ಇದಕ್ಕೆ ಬೌನ್ಸ್ ಬಫರ್ ಎನ್ನುತ್ತಾರೆ. ಹಮಾಲಿ ಮುಂದಿನ ಷೆಡ್ಡಿನಲ್ಲಿ ಇಳಿಸಿದ ಮೂಟೆಗಳನ್ನು ಮಾಲೀಕರೇ ಹೊತ್ತು ಒಳಗೆ ಹಾಕಿದಂತೆ. ಕೆಲಸ ನಡೆಯುತ್ತದೆ, ಹಮಾಲಿಯನ್ನು ಇಟ್ಟುಕೊಂಡ ಉದ್ದೇಶ ಅರ್ಧ ಹಾಳಾಗುತ್ತದೆ.

ಈ ಹೊತ್ತಿಗೆ ಬಯಾಸ್ ಕೂಡ ಸುಮ್ಮನಿರಲಿಲ್ಲ. ಇ820 ಎಂಬ ಕರೆಯ ಮೂಲಕ ಅದು ಆಪರೇಟಿಂಗ್ ಸಿಸ್ಟಮ್‌ಗೆ ಮೆಮೊರಿಯ ನಕಾಶೆ ಕೊಡತೊಡಗಿತು: ಇಲ್ಲಿಂದ ಇಲ್ಲಿವರೆಗೆ ಬಳಸಬಹುದು, ಈ ಭಾಗ ಮೀಸಲು. ಆದರೆ ಈ ನಕಾಶೆ ಪ್ರೊಸೆಸರಿನ ಕಣ್ಣಿಂದ ಬರೆದದ್ದು. ಗೋದಾಮಿನಲ್ಲಿ ಎಷ್ಟು ಖಾನೆ ಇವೆ ಎಂದು ಅದು ಹೇಳುತ್ತದೆ. ಯಾವ ಹಮಾಲಿ ಯಾವ ಖಾನೆಯವರೆಗೆ ಹೋಗಬಲ್ಲ ಎಂಬುದು ಅದರಲ್ಲಿ ಬರುವುದಿಲ್ಲ. ಈ ವ್ಯತ್ಯಾಸ ಹೊಳೆಯಲು ನನಗೆ ಒಂದು ತಿಂಗಳು ಹಿಡಿಯಿತು. ಒಂದೇ ಮೆಮೊರಿ, ನೋಡುವವರು ಬೇರೆ ಬೇರೆ, ಆದ್ದರಿಂದ ನಕಾಶೆಗಳೂ ಬೇರೆ ಬೇರೆ ಆಗಬೇಕು.

ಯಂತ್ರವೇ ತನ್ನ ರಚನೆಯನ್ನು ಬಾಯಿಬಿಟ್ಟು ಹೇಳಬೇಕು ಎಂಬ ಯೋಚನೆ ದೊಡ್ಡದಾಗಿ ಬೆಳೆದದ್ದು ಪಿಸಿ ಲೋಕದ ಹೊರಗೆ, ಸನ್ ಮೈಕ್ರೊಸಿಸ್ಟಮ್ಸ್‌ನಲ್ಲಿ. 1989ರ ಸ್ಪಾರ್ಕ್‌ಸ್ಟೇಷನ್ 1ರ ಫರ್ಮ್‌ವೇರನ್ನು ರೂಪಿಸಿದ ಮಿಚ್ ಬ್ರಾಡ್ಲಿ ಅದನ್ನು ಫೋರ್ತ್ ಭಾಷೆಯ ಮೇಲೆ ಕಟ್ಟಿದರು. ಫೋರ್ತ್ ಮೊದಲು ಚಾರ್ಲ್ಸ್ ಮೂರ್ ದೂರದರ್ಶಕಗಳನ್ನು ನಿಯಂತ್ರಿಸಲು ಬಳಸಿದ ಪುಟಾಣಿ ಭಾಷೆ. ಸನ್ ಯಂತ್ರವನ್ನು ಆಪರೇಟಿಂಗ್ ಸಿಸ್ಟಮ್ ಇಲ್ಲದೆ ಎಬ್ಬಿಸಿದರೆ ಪರದೆಯ ಮೇಲೆ 'ಓಕೆ' ಎಂಬ ಒಂದೇ ಪದ ಮೂಡುತ್ತಿತ್ತು. ಅಲ್ಲಿ ಕೂತು ಯಂತ್ರದ ಜೊತೆ ಮಾತಾಡಬಹುದಿತ್ತು. ಒಳಗೆ ಒಂದು ಮರವಿತ್ತು: ಬೇರಿನಲ್ಲಿ ಯಂತ್ರ, ಕೊಂಬೆಗಳಲ್ಲಿ ಬಸ್ಸುಗಳು, ಎಲೆಗಳಲ್ಲಿ ಸಾಧನಗಳು. ಬಸ್ಸು ಎಂದರೆ ಸಾಧನಗಳನ್ನು ಪ್ರೊಸೆಸರಿಗೂ ಮೆಮೊರಿಗೂ ಜೋಡಿಸುವ ದಾರಿ. ಪ್ರತಿ ಎಲೆಯ ಮೇಲೆ ಅದರ ಹೆಸರು, ಅದರ ವಿಳಾಸ. ಹೊಸ ಕಾರ್ಡು ಸಿಕ್ಕಿಸಿದರೆ ಅದು ತನ್ನ ವಿವರಣೆಯನ್ನು ತನ್ನೊಳಗೇ ಹೊತ್ತು ತರುತ್ತಿತ್ತು. 1994ರಲ್ಲಿ ಇದು ಐಇಇಇ 1275 ಎಂಬ ಮಾನಕವಾಯಿತು. ಓಪನ್ ಫರ್ಮ್‌ವೇರ್ ಎಂದು ಪ್ರಸಿದ್ಧವಾಗಿ ಆಪಲ್‌ನ ಪವರ್ ಮ್ಯಾಕುಗಳಿಗೂ ಹೋಯಿತು.

2005ರ ಸುಮಾರಿಗೆ ಲಿನಕ್ಸ್‌ನ ಪವರ್‌ಪಿಸಿ ಬಳಗದವರು ಈ ಮರವನ್ನು ಫೋರ್ತ್‌ನಿಂದ ಬಿಡಿಸಿಕೊಂಡರು. ಮಾತಾಡುವ ಫರ್ಮ್‌ವೇರ್ ಇಲ್ಲದ ಸಣ್ಣ ಬೋರ್ಡುಗಳಿಗೂ ಆಗಲಿ ಎಂದು ಮರವನ್ನು ಚಪ್ಪಟೆ ಮಾಡಿ ಒಂದು ಕಡತದಲ್ಲಿ ಮಡಚಿಟ್ಟರು. ಇದೇ ಡಿವೈಸ್ ಟ್ರೀ. 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರ್ಮ್ ಬೋರ್ಡುಗಳ ಗೊಂದಲದ ಬಗ್ಗೆ ಸಿಟ್ಟಾದ ಮೇಲೆ ಅದು ಆರ್ಮ್ ಲೋಕಕ್ಕೂ ವೇಗವಾಗಿ ಹಬ್ಬಿತು. ಅಲ್ಲಿಯವರೆಗೆ ಒಂದೊಂದು ಬೋರ್ಡಿನ ಗುಟ್ಟನ್ನೂ ಲಿನಕ್ಸ್‌ನ ಒಡಲಿನಲ್ಲೇ ಬೇರೆ ಬೇರೆ ಕಡತಗಳಲ್ಲಿ ಬರೆದಿಡುತ್ತಿದ್ದರು.

ಡಿವೈಸ್ ಟ್ರೀಯಲ್ಲಿ 'ಡಿಎಂಎ-ರೇಂಜಸ್' ಎಂಬ ಒಂದು ಗುಣವಿದೆ. ಈ ಬಸ್ಸಿನಲ್ಲಿರುವ ಸಾಧನಗಳು ಮೆಮೊರಿಯನ್ನು ಹೇಗೆ ಕಾಣುತ್ತವೆ ಎಂದು ಅದು ಮೂರು ಅಂಕಿಗಳಲ್ಲಿ ಹೇಳುತ್ತದೆ: ಸಾಧನದ ಕಡೆಯ ವಿಳಾಸ, ಅದಕ್ಕೆ ಸರಿಯಾಗಿ ಮೇಲಿನ ಕಡೆಯ ವಿಳಾಸ, ಅಲ್ಲಿಂದ ಎಷ್ಟು ಉದ್ದ. ನನ್ನ ಮಾರ್ಗದರ್ಶಕರಿಗೆ ಇದನ್ನು ವಿವರಿಸುವುದು ಸುಲಭವಾಯಿತು. ಕ್ರಯಪತ್ರದ ಚಕ್ಕುಬಂದಿ ಸಾರ್, ಎಂದೆ. ಇಂಥ ಗುರುತಿನಿಂದ ಇಂಥ ಗುರುತಿನವರೆಗೆ. ಅವರು ತಲೆಯಾಡಿಸಿ, "ಚಕ್ಕುಬಂದಿ ಅಂದಮೇಲೆ ಜಗಳವೂ ಇರಬೇಕಲ್ಲ?" ಅಂದರು.

ಇದೆ. ಮೊದಲ ಜಗಳ ಮೌನದ ಬಗ್ಗೆ. ಈ ಗುಣವನ್ನು ಬರೆದು ಮುಂದೆ ಏನೂ ತುಂಬದೆ ಬಿಟ್ಟರೆ ಅದಕ್ಕೆ ಅರ್ಥವಿದೆ: ಎರಡೂ ಕಡೆಯ ವಿಳಾಸ ಒಂದೇ, ಅಡ್ಡಿಯಿಲ್ಲ. ಹಾಗಾದರೆ ಗುಣವನ್ನೇ ಬರೆಯದಿದ್ದರೆ? ದಾರಿಯೇ ಇಲ್ಲ ಎಂದೋ, ಬರೆಯಲು ಮರೆತರು ಎಂದೋ? ಹಳೆಯ ವಿವರಣೆಗಳಲ್ಲಿ ಇದನ್ನು ಬರೆಯುವ ರೂಢಿ ಗಟ್ಟಿಯಾಗಿರಲಿಲ್ಲ. ಆದ್ದರಿಂದ ಲಿನಕ್ಸ್ ಇಂದಿಗೂ ಕೆಲವು ಸಾಧನಗಳ ಮಟ್ಟಿಗೆ ಈ ಮೌನವನ್ನು ನಿಷೇಧ ಎಂದು ಓದುವುದಿಲ್ಲ. ಪರಂಪರೆಯ ಕಾರಣಕ್ಕೆ ಹೀಗೆ ಎಂದು ಅದರ ಮೂಲಪಠ್ಯದಲ್ಲೇ ಒಪ್ಪಿಕೊಂಡಿದೆ. ಡ್ರೈವರ್ ಏನೂ ಹೇಳದಿದ್ದರೆ ಆ ಸಾಧನಕ್ಕೆ 32 ಬಿಟ್, ಅಂದರೆ 4 ಜಿಬಿ ಎಟುಕುತ್ತದೆ ಎಂದು ಊಹಿಸಿಕೊಳ್ಳುವುದೂ ಇಂಥದೇ ರೂಢಿ. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸಂಕಟ. ದಾಖಲೆಯಲ್ಲಿ ಒಂದು ಸಂಗತಿ ಇಲ್ಲ ಎಂದರೆ ಅದು ನಡೆಯಲೇ ಇಲ್ಲ ಎಂದೇ, ಬರೆದವರಿಗೆ ಹೇಳುವಷ್ಟು ಮುಖ್ಯ ಅನ್ನಿಸಲಿಲ್ಲ ಎಂದೇ?

ಎರಡನೆಯದು ಇನ್ನೂ ಸೂಕ್ಷ್ಮ. ಸಾಧನಕ್ಕೆ ತನ್ನ ಶಕ್ತಿ ಗೊತ್ತು, ದಾರಿಯ ವಿಷಯ ಗೊತ್ತಿಲ್ಲ. ರಾಸ್ಪ್‌ಬೆರಿ ಪೈ 4ರಲ್ಲಿ ಯುಎಸ್‌ಬಿ 3 ಕೆಲಸ ಮಾಡುವುದು ವಿಎಲ್805 ಎಂಬ ಚಿಪ್ಪು. ನಿನಗೆ 64 ಬಿಟ್ ವಿಳಾಸ ಬರುತ್ತದೆಯೇ ಎಂದು ಕೇಳಿದರೆ ಬರುತ್ತದೆ ಎನ್ನುತ್ತದೆ, ಮತ್ತು ಅದು ನಿಜ. ಆದರೆ ಅದು ಕೂತಿರುವುದು ಪಿಸಿಐ ಎಕ್ಸ್‌ಪ್ರೆಸ್‌ನ ಆಚೆ ತುದಿಯಲ್ಲಿ. ನಡುವಿನ ಬಾಗಿಲು 3 ಜಿಬಿಗೆ ಮುಚ್ಚಿದೆ. ಹಮಾಲಿಗೆ ಎಂಥ ಸಂಖ್ಯೆ ಬೇಕಾದರೂ ಓದಲು ಬರುತ್ತದೆ, ಗೋದಾಮಿನ ಹಿಂಭಾಗಕ್ಕೆ ಹೋಗುವ ಓಣಿ ಮಾತ್ರ ಇಲ್ಲ. ಇದನ್ನು ಹೇಳಬಲ್ಲವರು ಬೋರ್ಡನ್ನು ಕಟ್ಟಿದವರು. ಅವರ ಮಾತು ಆಪರೇಟಿಂಗ್ ಸಿಸ್ಟಮ್‌ನ ಕಿವಿಗೆ ಬೀಳುವುದು ಫರ್ಮ್‌ವೇರ್ ಕೈಗೆ ಕೊಡುವ ಕಾಗದದ ಮೂಲಕ. 2014ರಲ್ಲಿ ಲಿನಕ್ಸ್ ಡಿಎಂಎ-ರೇಂಜಸ್ ಓದಲು ಕಲಿತದ್ದೂ ಇಂಥ ಒತ್ತಡದಿಂದಲೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಕೀಸ್ಟೋನ್ ಚಿಪ್ಪುಗಳಲ್ಲಿ ಒಂದೇ ಮೆಮೊರಿಗೆ ಪ್ರೊಸೆಸರಿನ ಕಡೆಯಿಂದ ಒಂದು ಹೆಸರು, ಸಾಧನಗಳ ಕಡೆಯಿಂದ ಇನ್ನೊಂದು ಹೆಸರು ಇತ್ತು.

ಪೈ 4ರ ಕತೆಯನ್ನು ಇನ್ನಷ್ಟು ಹಿಂದಕ್ಕೆ ಒಯ್ಯಬೇಕು, ಯಾಕೆಂದರೆ ಅದರಲ್ಲಿ ಎರಡು ಕಾಲದ ಎರಡು ಗಡಿಗಳಿವೆ. 2012ರ ಮೊದಲ ರಾಸ್ಪ್‌ಬೆರಿ ಪೈಯಲ್ಲಿ ಮೊದಲು ಏಳುತ್ತಿದ್ದದ್ದು ವಿಡಿಯೊಕೋರ್ ಎಂಬ ಚಿತ್ರ ಸಂಸ್ಕಾರಕ. ನಾವು ಪ್ರೊಸೆಸರ್ ಎನ್ನುವ ಆರ್ಮ್ ಭಾಗವನ್ನು ಎಬ್ಬಿಸುತ್ತಿದ್ದದ್ದು ಅದೇ. ವಿಡಿಯೊಕೋರ್ ತನ್ನ 32 ಬಿಟ್ ವಿಳಾಸದ ಮೇಲಿನ ಎರಡು ಬಿಟ್‌ಗಳನ್ನು ಬೇರೆಯೇ ಕೆಲಸಕ್ಕೆ ಇಟ್ಟುಕೊಂಡಿತ್ತು: ಕ್ಯಾಶೆಯನ್ನು ಹೇಗೆ ಬಳಸಬೇಕು ಎಂಬ ಸೂಚನೆಗೆ. ಒಂದೇ ಮೆಮೊರಿ ನಾಲ್ಕು ಕಡೆ ನಾಲ್ಕು ಸಲ ಕಾಣುತ್ತಿತ್ತು. ಉಳಿದದ್ದು ಮೂವತ್ತು ಬಿಟ್, 1 ಜಿಬಿ. ಮೊದಲ ಬೋರ್ಡಿನಲ್ಲಿ ಇದ್ದದ್ದು 256 ಎಂಬಿ. ಯಾರಿಗೂ ತೊಂದರೆಯಾಗಲಿಲ್ಲ. ಎರಡನೆಯ, ಮೂರನೆಯ ಪೈಗಳಲ್ಲೂ ಗರಿಷ್ಠ 1 ಜಿಬಿಯೇ, ಗೋದಾಮು ಗೋಡೆಗೆ ಮುಟ್ಟುವಷ್ಟೇ ಬೆಳೆದಿತ್ತು. 2019ರ ಜೂನ್‌ನಲ್ಲಿ ಪೈ 4 ಬಂತು, 4 ಜಿಬಿವರೆಗೆ ಮೆಮೊರಿಯ ಜೊತೆ. ಮರುವರ್ಷ 8 ಜಿಬಿಯದೂ ಬಂತು. ಆದರೆ ಹಳೆಯ ಕಾಲದ ಸಾಧನಗಳು ಅದೇ ಚಿಪ್ಪಿನೊಳಗೆ ಅದೇ ಮೂವತ್ತು ಬಿಟ್‌ಗಳೊಂದಿಗೆ ಉಳಿದಿದ್ದವು.

ಹೀಗೆ ಒಂದೇ ಬೋರ್ಡಿನಲ್ಲಿ ಮೂರು ಬಗೆಯ ಹಮಾಲಿಗಳು. 1 ಜಿಬಿ ದಾಟಲಾಗದ ಹಳಬರು, 3 ಜಿಬಿಯಲ್ಲಿ ನಿಲ್ಲುವ ಯುಎಸ್‌ಬಿ, ಎಲ್ಲೆಡೆ ಹೋಗಬಲ್ಲ ಈಥರ್ನೆಟ್. ಮೊದಲನೆಯದು ಹಿಂದೆಂದೋ ಯೋಚಿಸಿ ಮಾಡಿದ ಆಯ್ಕೆಯ ಉಳಿಕೆ. ಎರಡನೆಯದು ತಪ್ಪು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಎರಡೂ ಅಂಕಿಗಳೇ.

ಈಗ ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದ ಸಂಗತಿ. ದಾರಿಯ ಮಿತಿಯನ್ನು ನೆನಪಿಡಲು ಲಿನಕ್ಸ್‌ನಲ್ಲಿ 2018ರಿಂದ ಒಂದು ಜಾಗವಿತ್ತು, ಅದರ ಹೆಸರಿನಲ್ಲಿ 'ಮಾಸ್ಕ್' ಎಂಬ ಪದವಿತ್ತು. ಮಾಸ್ಕ್ ಎಂದರೆ ಎಷ್ಟು ಬಿಟ್ ಎಂಬ ಲೆಕ್ಕ. ಮೂವತ್ತು ಬಿಟ್ ಎಂದರೆ 1 ಜಿಬಿ, ಮೂವತ್ತೊಂದು ಎಂದರೆ 2, ಮೂವತ್ತೆರಡು ಎಂದರೆ 4. 1981ರಿಂದ ಎಂಜಿನಿಯರುಗಳು ಮಿತಿಯನ್ನು ಯೋಚಿಸುತ್ತಿದ್ದದ್ದೇ ಹೀಗೆ: 64 ಕೆಬಿ, 16 ಎಂಬಿ, 4 ಜಿಬಿ, ಎಲ್ಲವೂ ಎರಡರ ಘಾತಗಳು. 3 ಜಿಬಿ ಎಂಬುದನ್ನು ಈ ಭಾಷೆಯಲ್ಲಿ ಹೇಳಲು ಬರುವುದಿಲ್ಲ! 2 ಎಂದರೆ 1 ಜಿಬಿ ಸುಮ್ಮನೆ ವ್ಯರ್ಥ, 4 ಎಂದರೆ ಸುಳ್ಳು. 2019ರ ಕೊನೆಗೆ ಆ ಜಾಗದ ಹೆಸರನ್ನೇ ಬದಲಿಸಿ, 'ಮಾಸ್ಕ್' ತೆಗೆದು 'ಲಿಮಿಟ್' ಎಂದಿಟ್ಟರು. 2020ರ ಜನವರಿಯಲ್ಲಿ ಬಂದ ಲಿನಕ್ಸ್ 5.5ರಲ್ಲಿ ಅದು ಸೇರಿತು. ಮಾಸ್ಕ್ ಎರಡರ ಘಾತಗಳನ್ನು ಮಾತ್ರ ಹಿಡಿಯಬಲ್ಲದು ಎಂಬುದೇ ಬದಲಾವಣೆಗೆ ಕೊಟ್ಟ ಮುಖ್ಯ ಕಾರಣ. ಒಂದು ಚಿಪ್ಪಿನ ದೋಷ ಒಂದು ಪದವನ್ನು ಬದಲಿಸಿತು. ಇದರಲ್ಲಿ ಇತಿಹಾಸವಿಲ್ಲ ಎಂದರೆ ನಾನು ಒಪ್ಪಲಾರೆ.

ಪಿಸಿ ಲೋಕದ ವಿವರಣೆಯ ಭಾಷೆ ಬೇರೆ. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೊಸಾಫ್ಟ್ ಮತ್ತು ತೋಷಿಬಾ ಸೇರಿ ಪ್ರಕಟಿಸಿದ ಎಸಿಪಿಐ. ಅದರಲ್ಲೂ ಬಸ್ಸಿನ ಕೆಳಗೆ ಬರೆಯಬಹುದಾದ ಡಿಎಂಎ ಎಂಬ ಒಂದು ಹೆಸರಿದೆ, ಮೊದಲ ಅಕ್ಷರಕ್ಕೂ ಮುಂಚೆ ಒಂದು ಅಡಿಗೆರೆ. ಕೇಳಿದರೆ ಅದು ವಿಳಾಸಗಳ ವ್ಯಾಪ್ತಿಯನ್ನು ಹೇಳುತ್ತದೆ, 3 ಜಿಬಿಯನ್ನೂ ಹೇಳಬಲ್ಲದು. ಆರ್ಮ್ ಸರ್ವರುಗಳಿಗೆಂದು ಸೇರಿಸಿದ ಐಒಆರ್‌ಟಿ ಎಂಬ ಇನ್ನೊಂದು ಕೋಷ್ಟಕ ಮಿತಿಯನ್ನು ಬಿಟ್‌ಗಳ ಲೆಕ್ಕದಲ್ಲಿ ಹೇಳುತ್ತದೆ, ಹಾಗಾಗಿ ಹೇಳಲಾರದು. ಲಿನಕ್ಸ್ ಆ ಅಡಿಗೆರೆಯ ಡಿಎಂಎಯನ್ನು ಓದತೊಡಗಿದ್ದು 2017ರಲ್ಲಿ. ಪದ ಇದ್ದ ಮಾತ್ರಕ್ಕೆ ಓದುಗರು ಹುಟ್ಟುವುದಿಲ್ಲ, ಇದು ಪಠ್ಯಗಳ ಜೊತೆ ಬದುಕುವ ಎಲ್ಲರಿಗೂ ಗೊತ್ತು.

ಪೈ 4ಕ್ಕೆ ಉತ್ಸಾಹಿಗಳ ಒಂದು ತಂಡ ಪಿಸಿಗಳಂತೆ ಎಸಿಪಿಐ ಮಾತಾಡುವ ಯುಇಎಫ್‌ಐ ಫರ್ಮ್‌ವೇರ್ ಬರೆಯಿತು. ಆದರೆ ಯಾವ ಯಾವ ಆಪರೇಟಿಂಗ್ ಸಿಸ್ಟಮ್ ಈ ಮಿತಿಯ ಮಾತನ್ನು ಕೇಳಿಸಿಕೊಳ್ಳುತ್ತದೆ ಎಂಬ ಖಾತರಿ ಅವರಿಗಿರಲಿಲ್ಲ. ಆದ್ದರಿಂದ ಮೆಮೊರಿಯನ್ನು 3 ಜಿಬಿಗೆ ಸೀಮಿತಗೊಳಿಸುವ ಒಂದು ಆಯ್ಕೆಯನ್ನಿಟ್ಟು, ಮೊದಲಿಗೇ ಅದು ಚಾಲೂ ಇರುವಂತೆ ಮಾಡಿದರು. ಅಂದರೆ ಉಳಿದ ಮೆಮೊರಿ ಇದೆ ಎಂದೇ ಹೇಳುವುದಿಲ್ಲ. ದುಡ್ಡು ಕೊಟ್ಟು 4 ಜಿಬಿ ಕೊಂಡವರಿಗೆ 3 ಮಾತ್ರ ಕಾಣುತ್ತದೆ. ಇದು ಸುಳ್ಳೇ? ಚಕ್ಕುಬಂದಿ ಓದಲು ಬಾರದವರಿಗೆ ಬೇಲಿಯನ್ನೇ ಒಳಕ್ಕೆ ಸರಿಸಿ ಹಾಕಿದಂತೆ ಎಂದು ನನಗನ್ನಿಸುತ್ತದೆ. ಮಿತಿಯನ್ನು ಮಾತಿನಲ್ಲಿ ಹೇಳುವುದಕ್ಕಿಂತ ಮೊದಲು ಲೋಕ ನಡೆಯುತ್ತಿದ್ದದ್ದೇ ಹೀಗೆ. ಸಿಸ್ಟಮ್ ಒಂದು ಜಿಬಿ ಕಡಿಮೆ ಕಂಡರೆ ಬೇಸರವಾಗಬಹುದು, ಯಾರ ಕಡತವೂ ಹಾಳಾಗುವುದಿಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಲಿನಕ್ಸ್ ಕಡೆ ಇನ್ನೊಂದು ಮಜಲು ಬಾಕಿಯಿತ್ತು. ಪೈಯ ಹಳೆಯ ಸಾಧನಗಳಿಗಾಗಿ 5.5ರಲ್ಲೇ 64 ಬಿಟ್ ಆರ್ಮ್ ಯಂತ್ರಗಳಲ್ಲೆಲ್ಲ ಮೊದಲ 1 ಜಿಬಿಯನ್ನು ಡಿಎಂಎ ವಲಯವಾಗಿ ಬೇರೆ ತೆಗೆದಿಟ್ಟರು, ಹಿಂದೆ ಪಿಸಿಗಳಲ್ಲಿ 16 ಎಂಬಿ ತೆಗೆದಿಟ್ಟಂತೆ. ಒಂದು ಪುಟ್ಟ ಬೋರ್ಡಿನ ಮಿತಿ ದೊಡ್ಡ ಸರ್ವರುಗಳ ಮೇಲೂ ಬಿತ್ತು. ಒಂದು ವರ್ಷ ಕಳೆಯಿತು. 2021ರ ಫೆಬ್ರುವರಿಯ ಲಿನಕ್ಸ್ 5.11ರಲ್ಲಿ ಇದನ್ನು ತಿದ್ದಿದರು: ಮೆಮೊರಿಯನ್ನು ವಲಯಗಳಾಗಿ ಹಂಚುವ ಮೊದಲೇ ಫರ್ಮ್‌ವೇರ್ ಕೊಟ್ಟ ವಿವರಣೆಯನ್ನು ಓದಿ, ಅದರಲ್ಲಿರುವ ಅತಿ ಚಿಕ್ಕ ಕೈ ಎಷ್ಟುದ್ದ ಎಂದು ನೋಡಿ, ಆ ಅಳತೆಗೆ ವಲಯ ಮಾಡುವುದು. ಚಿಕ್ಕ ಕೈಯವರು ಯಾರೂ ಇಲ್ಲದಿದ್ದರೆ ಸಣ್ಣ ವಲಯವೇ ಬೇಡ. ಮೂವತ್ತು ವರ್ಷ ಊಹೆಯ ಮೇಲೆ ಗೆರೆ ಎಳೆಯುತ್ತಿದ್ದ ಲಿನಕ್ಸ್, ಈ ಯಂತ್ರಗಳ ಮಟ್ಟಿಗಾದರೂ, ಮೊದಲು ಕೇಳಿ ಆಮೇಲೆ ಎಳೆಯತೊಡಗಿತು. ಸಾಮಾನ್ಯ ಪಿಸಿಗಳ ಲಿನಕ್ಸ್‌ನಲ್ಲಿ 1984ರ ಆ 16 ಎಂಬಿ ವಲಯ ಇನ್ನೂ ಹಾಗೆಯೇ ಇದೆ.

ಕೊನೆಗೆ ಆ ಟಿಪ್ಪಣಿಯ ವಿಷಯ. ಅದೇ ಕಡತದಲ್ಲಿ ಎಸ್‌ಡಿ ಕಾರ್ಡಿನ ನಿಯಂತ್ರಕದ ಬಳಿ ಇನ್ನೊಂದು ಟಿಪ್ಪಣಿ ಇದೆ: ಚಿಪ್ಪಿನ ಆವೃತ್ತಿಗೆ ತಕ್ಕಂತೆ ಈ ಮಿತಿ ಬೇರೆಯಾಗುತ್ತದೆ, ಆದ್ದರಿಂದ ಫರ್ಮ್‌ವೇರ್ ಇದನ್ನು ಹುಡುಕಿ ತಿದ್ದುತ್ತದೆ ಎಂದು. ಅಂದರೆ ಪ್ರತಿ ಸಲ ಗುಂಡಿ ಒತ್ತಿದಾಗಲೂ ಫರ್ಮ್‌ವೇರ್ ತಾನು ಯಾವ ಚಿಪ್ಪಿನ ಮೇಲೆ ಕೂತಿದ್ದೇನೆ ಎಂದು ನೋಡಿಕೊಂಡು, ಕಾಗದದ ಆ ಒಂದು ಸಾಲನ್ನು ಪರಿಷ್ಕರಿಸಿ, ಆಮೇಲೆ ಲಿನಕ್ಸ್ ಕೈಗೆ ಕೊಡುತ್ತದೆ.

ಮಾರ್ಗದರ್ಶಕರಿಗೆ ಎರಡನೆಯ ಕರಡು ಕೊಡುವಾಗ ನಾನು ಒಂದು ಕೆಲಸ ಮಾಡಿದೆ. ನಾವು ಓದುವ ಡಿವೈಸ್ ಟ್ರೀ ಕಡತ ಯಂತ್ರಕ್ಕೆ ಹೋಗುವ ಮೊದಲು ಕಂಪೈಲ್ ಆಗುತ್ತದೆ. ಆಗ ಟಿಪ್ಪಣಿಗಳೆಲ್ಲ ಉದುರಿಹೋಗುತ್ತವೆ. ಕಂಪೈಲ್ ಆದದ್ದನ್ನು ಮತ್ತೆ ಬಿಡಿಸಿ ಮುದ್ರಿಸಿ, ಮೂಲದ ಪಕ್ಕದಲ್ಲಿ ಪಿನ್ ಮಾಡಿಟ್ಟೆ. ಅವರು ಎರಡೂ ಹಾಳೆಗಳನ್ನು ಬಹಳ ಹೊತ್ತು ನೋಡಿದರು. ಎಡಗಡೆ ದೋಷವನ್ನು ಒಪ್ಪಿಕೊಳ್ಳುವ ಎರಡು ಸಾಲು, ಅದರ ಕೆಳಗೆ ಅಂಕಿಗಳು. ಬಲಗಡೆ ಅಂಕಿಗಳು ಮಾತ್ರ.

"ಲಿನಕ್ಸ್ ನೋಡೋದು ಇದನ್ನೋ?" ಎಂದು ಬಲಗಡೆಯದನ್ನು ಮುಟ್ಟಿ ಕೇಳಿದರು. ಹೌದು ಸಾರ್, ಅಂದೆ. "ಹಾಗಾದರೆ ಮೂರೇ ಯಾಕೆ ಅಂತ ಅದಕ್ಕೆ ಗೊತ್ತೇ ಇಲ್ಲ," ಎಂದು ಪೆನ್ಸಿಲ್ ತೆಗೆದುಕೊಂಡು, ಎಡಗಡೆಯ ಹಾಳೆಯ ಆ ಎರಡು ಸಾಲಿನ ಸುತ್ತ ಗೆರೆ ಎಳೆದರು.